ಚರೆಯ ಗಾತ್ರ ಮತ್ತು ವೇಗ

ಉಡುಪಿ ಜಿಲ್ಲೆಯ ಸಾಸ್ತಾನದಿಂದ ಪೂರ್ವಕ್ಕೆ ಘಟ್ಟದ ಬುಡದವರೆಗೆ ಹಬ್ಬಿರುವ ಗ್ರಾಮಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಕೋವಿಗಳನ್ನು ಇರಿಸಿಕೊಂಡ ಕೃಷಿಕರುಂಟು. ಕೆಲವು ಹಳೆಯ ಕೇಪಿನ ಕೋವಿಗಳು. ಕೆಲವು ತೋಟೆ ತುಂಬುವ ಒಂಟಿ ನಳಿಗೆಯ ಅಥವಾ ಜೋಡು ನಳಿಗೆಯ ಕೋವಿಗಳು. ಇವುಗಳ ವಿಷಯ ಬಂದಾಗಲೆಲ್ಲ ಎರಡು ಪ್ರಶ್ನೆಗಳು ಏಳುತ್ತವೆ. ದಪ್ಪ ಚರೆ ಮೇಲೋ, ಸಣ್ಣ ಚರೆ ಮೇಲೋ? ಚರೆಯ ವೇಗವನ್ನು ಹೆಚ್ಚಿಸಿದರೆ ಹೊಡೆತವೂ ಅಷ್ಟೇ ಹೆಚ್ಚುವುದೆ? ಇವಕ್ಕೆ ಉತ್ತರವು ಭೌತಶಾಸ್ತ್ರದ ಕೆಲವು ಸರಳ ನಿಯಮಗಳಲ್ಲಿದೆ. ಅವನ್ನು ನಾವು ಒಂದೊಂದಾಗಿ ಪರಿಶೀಲಿಸೋಣ.

ಚರೆಯ ಅಂಕಿಗಳು

ಮೊದಲು ಅಳತೆಯ ಮಾತು. ‘ಹನ್ನೆರಡು ಬೋರ್’ ಎಂದರೆ, ನಳಿಗೆಯ ರಂಧ್ರಕ್ಕೆ ಸರಿಯಾಗಿ ಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗುತ್ತವೆ ಎಂದು ಅರ್ಥ. ಆ ರಂಧ್ರದ ವ್ಯಾಸ ಸುಮಾರು 18.5 ಮಿಲಿಮೀಟರ್. ಚರೆಯ ಅಂಕಿಗಳಲ್ಲಿ ಸಂಖ್ಯೆ ಏರಿದಂತೆ ಗಾತ್ರ ಇಳಿಯುತ್ತದೆ. ಬ್ರಿಟಿಷ್ ಕ್ರಮದಲ್ಲಿ 6ನೆಯ ನಂಬರಿನ ಚರೆಯ ವ್ಯಾಸ 2.6 ಮಿ.ಮೀ.; ಒಂದು ಔನ್ಸಿಗೆ ಸುಮಾರು 270 ಚರೆಗಳು. 4ನೆಯ ನಂಬರು 3.1 ಮಿ.ಮೀ.; ಔನ್ಸಿಗೆ 170. ಬಿ.ಬಿ. ಎಂಬುದು 4.1 ಮಿ.ಮೀ.; ಔನ್ಸಿಗೆ 70. ಎಸ್.ಜಿ. ಎಂಬ ದೊಡ್ಡ ಚರೆ 8.4 ಮಿ.ಮೀ.; ಔನ್ಸಿಗೆ ಕೇವಲ 8.

ಈ ಚರೆಗಳು ಗುಂಡಗಾಗುವ ಬಗೆಯೂ ಸ್ವಾರಸ್ಯವಾದುದು. 1782ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬಾತನು, ಕರಗಿದ ಸೀಸವನ್ನು ಜಾಲರಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಬೀಳುವ ಹನಿಯನ್ನು ಅದರ ಮೇಲ್ಮೈ ಎಳೆತವೇ ಗೋಳವಾಗಿಸುತ್ತದೆ. ಕೆಸುವಿನೆಲೆಯ ಮೇಲೆ ನೀರಹನಿ ಮುತ್ತಿನಂತೆ ನಿಲ್ಲುವುದಕ್ಕೂ ಇದೇ ಎಳೆತ ಕಾರಣ.

ವಾಯುವಿನ ತಡೆ

ಬಳಕೆಯ ತೋಟೆಗಳಿಂದ ಚರೆಯು ಸೆಕೆಂಡಿಗೆ ಸುಮಾರು 370ರಿಂದ 400 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದು ಶಬ್ದದ ವೇಗಕ್ಕಿಂತ ಹೆಚ್ಚು. ಆದರೆ ಹೊರಟ ಕ್ಷಣದಿಂದಲೇ ಗಾಳಿ ಅದನ್ನು ತಡೆಯತೊಡಗುತ್ತದೆ. ಗಾಳಿಯ ತಡೆ ಚರೆಯ ಎದುರು ಮೈಯ ಕ್ಷೇತ್ರವನ್ನು ಅವಲಂಬಿಸಿದೆ. ತಡೆಯನ್ನು ಮೀರಿ ಮುನ್ನುಗ್ಗುವ ಸಾಮರ್ಥ್ಯ ಅದರ ತೂಕವನ್ನು ಅವಲಂಬಿಸಿದೆ. ವ್ಯಾಸವು ಇಮ್ಮಡಿಯಾದರೆ ಎದುರು ಮೈ ನಾಲ್ಕು ಪಟ್ಟಾಗುತ್ತದೆ, ತೂಕವಾದರೋ ಎಂಟು ಪಟ್ಟಾಗುತ್ತದೆ. ಆದ್ದರಿಂದ ದಪ್ಪ ಚರೆ ತನ್ನ ವೇಗವನ್ನು ಹೆಚ್ಚು ದೂರ ಕಾಯ್ದುಕೊಳ್ಳುತ್ತದೆ.

ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟ 6ನೆಯ ನಂಬರಿನ ಚರೆಯ ಚಲನಶಕ್ತಿ ಸುಮಾರು 8 ಜೂಲ್. 36 ಮೀಟರ್, ಎಂದರೆ 40 ಗಜ, ಸಾಗುವಷ್ಟರಲ್ಲಿ ಅದರ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಉಳಿಯುವುದು ಸುಮಾರು 2 ಜೂಲ್ ಮಾತ್ರ. ಅದೇ ವೇಗದಲ್ಲಿ ಹೊರಟ ಬಿ.ಬಿ. ಚರೆಯಲ್ಲಿ ಸುಮಾರು 32 ಜೂಲ್ ಇರುತ್ತದೆ. ಅದೇ ದೂರದಲ್ಲಿ ಅದು ತನ್ನ ವೇಗದ ಐದರಲ್ಲಿ ಮೂರು ಪಾಲನ್ನಾದರೂ ಉಳಿಸಿಕೊಂಡಿರುತ್ತದೆ.

ಹಾಗಾದರೆ ಸಣ್ಣ ಚರೆಯನ್ನೇ ಹೆಚ್ಚು ವೇಗದಿಂದ ಹೊರಡಿಸಿದರೆ ಸಾಲದೆ? ಶಬ್ದವೇಗಕ್ಕಿಂತ ಮೇಲೆ ಗಾಳಿಯ ತಡೆ ಇನ್ನೂ ತೀವ್ರವಾಗಿರುವುದರಿಂದ, ನಳಿಗೆಯ ಬಾಯಲ್ಲಿ ಗಳಿಸಿದ ಹೆಚ್ಚಿನ ವೇಗದ ಬಹುಭಾಗ ದಾರಿಯಲ್ಲೇ ಕರಗಿಹೋಗುತ್ತದೆ. ಹೆಗಲಿಗೆ ಬೀಳುವ ಹಿಂದೂಟ ಮಾತ್ರ ಪೂರ್ತಿಯಾಗಿ ಹೆಚ್ಚುತ್ತದೆ. ಚರೆಗಳು ಹೆಚ್ಚಾಗಿ ಚದರುವುದೂ ಉಂಟು. ಕೇಪಿನ ಕೋವಿಗೆ ಅಳತೆ ಮೀರಿ ಮದ್ದು ತುಂಬುವವರು ಇದನ್ನು ನೆನಪಿಡಬೇಕು. ಹಳೆಯ ನಳಿಗೆ ಸಿಡಿದರೆ ಮೊದಲು ಗಾಯಗೊಳ್ಳುವವನು ಕೋವಿ ಹಿಡಿದವನೇ.

ಸಂಖ್ಯೆಯ ಲೆಕ್ಕ

ದಪ್ಪ ಚರೆಯೇ ಮೇಲೆಂದು ಇಲ್ಲಿಗೇ ತೀರ್ಮಾನಿಸುವಂತಿಲ್ಲ. 32 ಗ್ರಾಂ ತೂಕದ ಈಡಿನಲ್ಲಿ 6ನೆಯ ನಂಬರಿನ ಚರೆಗಳು ಸುಮಾರು 300 ಇದ್ದರೆ, ಎಸ್.ಜಿ. ಚರೆಗಳು 9 ಮಾತ್ರ. ತುದಿಯಲ್ಲಿ ಪೂರ್ಣವಾಗಿ ಕಿರಿದಾದ ನಳಿಗೆಯಿಂದ ಹೊರಟ ಚರೆಗಳಲ್ಲಿ ನೂರಕ್ಕೆ 70ರಷ್ಟು, 36 ಮೀಟರ್ ದೂರದಲ್ಲಿ 75 ಸೆಂಟಿಮೀಟರ್ ಅಡ್ಡಳತೆಯ ವೃತ್ತದೊಳಗೆ ಬೀಳುತ್ತವೆಂಬುದು ರೂಢಿಯ ಅಂದಾಜು. ಆ ವೃತ್ತದ ಕ್ಷೇತ್ರಫಲ ಸುಮಾರು 4,400 ಚದರ ಸೆಂಟಿಮೀಟರ್. ಸಣ್ಣ ಚರೆಯಾದರೆ 21 ಚದರ ಸೆಂಟಿಮೀಟರಿಗೆ ಒಂದರಂತೆ ಬೀಳುತ್ತದೆ, ಎಸ್.ಜಿ. ಆದರೆ 700 ಚದರ ಸೆಂಟಿಮೀಟರಿಗೆ ಒಂದು.

ಕಾಡುಹಂದಿಯ ಹೃದಯ ಮತ್ತು ಶ್ವಾಸಕೋಶಗಳ ಭಾಗವನ್ನು 20 ಸೆಂಟಿಮೀಟರ್ ಅಡ್ಡಳತೆಯ ವೃತ್ತವೆಂದು ಭಾವಿಸೋಣ. ಅದರ ಕ್ಷೇತ್ರಫಲ ಸುಮಾರು 314 ಚದರ ಸೆಂಟಿಮೀಟರ್. 36 ಮೀಟರಿನಿಂದ ಹೊಡೆದಾಗ ಅಲ್ಲಿಗೆ ಸರಾಸರಿ ಒಂದು ಎಸ್.ಜಿ. ಚರೆಯೂ ತಲುಪುವುದಿಲ್ಲ. ಉಳಿದವು ಹೊಟ್ಟೆಗೋ ಕಾಲಿಗೋ ತಗಲಿ, ಹಂದಿ ಗಾಯಗೊಂಡು ಓಡುತ್ತದೆ, ದಿನಗಟ್ಟಲೆ ನರಳುತ್ತದೆ. ಗಾಯಗೊಂಡ ಹಂದಿ ಮರುದಿನ ಹುಲ್ಲು ಕೊಯ್ಯಲು ಹೋದವರ ಮೇಲೆರಗಿದರೆ ಅದಕ್ಕೆ ಹೊಣೆ ಯಾರು? ಸಣ್ಣ ಚರೆಯಾದರೆ ಹಲವು ತಗಲುತ್ತವೆ, ಆದರೆ ದಪ್ಪ ಚರ್ಮವನ್ನು ಭೇದಿಸಿ ಒಳಗಿನ ಅಂಗಗಳನ್ನು ಮುಟ್ಟಲಾರವು. ಈ ಎರಡು ತೊಡಕುಗಳಿಗೂ ಪರಿಹಾರ ಅಂತರವನ್ನು ಕಡಿಮೆ ಮಾಡುವುದೊಂದೇ. ಅಂತರ ಅರ್ಧಕ್ಕಿಳಿದರೆ ಚರೆಗಳು ಹರಡುವ ಕ್ಷೇತ್ರ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ವೇಗವೂ ಹೆಚ್ಚು ಉಳಿದಿರುತ್ತದೆ.

ತಪ್ಪಿದ ಚರೆಯ ಗತಿ

ಗುರಿ ತಪ್ಪಿದ ಚರೆ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಫ್ರಾನ್ಸಿನ ಸೇನಾಧಿಕಾರಿ ಜುರ್ನೆಯ ಹೆಸರಿನ ಒಂದು ಸುಲಭ ಸೂತ್ರವಿದೆ. ಅದನ್ನು ಮೀಟರಿಗೆ ಇಳಿಸಿದರೆ, ಸೀಸದ ಚರೆಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು 80 ಮೀಟರ್ ಪರಮಾವಧಿ ದೂರ. 6ನೆಯ ನಂಬರು ಸುಮಾರು 200 ಮೀಟರ್ ಹೋದೀತು, ಬಿ.ಬಿ. 320 ಮೀಟರ್, ಎಸ್.ಜಿ. 650 ಮೀಟರಿಗೂ ಮೇಲೆ. 200 ಮೀಟರ್ ಆಚೆಯೂ ಎಸ್.ಜಿ. ಚರೆ ಮನುಷ್ಯನನ್ನು ಘಾಸಿಗೊಳಿಸಬಲ್ಲದು.

ಕರಾವಳಿಯಲ್ಲಿ ಈ ಲೆಕ್ಕ ಬಹು ಮುಖ್ಯ. ಸಾಸ್ತಾನದಂತಹ ಊರಿನಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ತೆಂಗಿನ ತೋಟಗಳ ನಡುವೆ, ಗದ್ದೆಯ ಅಂಚಿನುದ್ದಕ್ಕೂ ಹರಡಿಕೊಂಡಿವೆ. ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಯಾವ ದಿಕ್ಕಿಗೆ ತಿರುಗಿದರೂ 650 ಮೀಟರಿನೊಳಗೆ ಒಂದು ಮನೆಯೋ ದಾರಿಯೋ ಇರುವ ಸಂಭವವೇ ಹೆಚ್ಚು. ಮುರಕಲ್ಲಿಗೆ ಬಡಿದ ಚರೆ ದಿಕ್ಕು ಬದಲಿಸಿ ಪುಟಿಯುವುದೂ ಉಂಟು. ಕತ್ತಲಲ್ಲಿ ಸದ್ದು ಕೇಳಿದತ್ತ ಹೊಡೆಯುವುದು ಎಷ್ಟು ಅಪಾಯಕಾರಿ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ನೆಲಕ್ಕೆ ಬಿದ್ದ ಚರೆಯೂ ನಿರಪಾಯಿಯಲ್ಲ. ಬಾತು ಮುಂತಾದ ನೀರಹಕ್ಕಿಗಳು ಕೆಸರಿನಲ್ಲಿರುವ ಚರೆಯನ್ನು ಹರಳೆಂದು ನುಂಗಿ ಸೀಸದ ವಿಷದಿಂದ ಸಾಯುತ್ತವೆ. ಅಮೆರಿಕದಲ್ಲಿ 1991ರಿಂದ ನೀರಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧ. ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಿಂದ ನಿಷಿದ್ಧ. ಬದಲಿಗೆ ಬಳಸುವ ಉಕ್ಕು ಸೀಸಕ್ಕಿಂತ ಹಗುರ. ಸೀಸದ ಸಾಂದ್ರತೆ 11.3, ಉಕ್ಕಿನದು 7.8. ಹಗುರವಾದುದು ಬೇಗ ವೇಗ ಕಳೆದುಕೊಳ್ಳುವುದರಿಂದ ಎರಡು ನಂಬರಿನಷ್ಟು ದಪ್ಪ ಚರೆಯನ್ನು ಆರಿಸಬೇಕಾಗುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ನಿಷಿದ್ಧ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲುವುದಕ್ಕೂ ಅಧಿಕಾರಿಗಳ ಅನುಮತಿ ಬೇಕು. ಕೋವಿಯ ಪರವಾನಿಗೆಯು ಆ ಅನುಮತಿಯಾಗಲಾರದು. ಅನುಮತಿ ದೊರೆತಾಗಲೂ ಕುದುರೆ ಎಳೆಯುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದಿರಬೇಕು: ಪ್ರಾಣಿ ಎಷ್ಟು ದೂರದಲ್ಲಿದೆ, ಈ ಚರೆ ಅಲ್ಲಿ ಎಷ್ಟು ಶಕ್ತಿಯಿಂದ ತಗಲೀತು, ತಪ್ಪಿದರೆ ಅದರ ಹಿಂದೆ ಏನಿದೆ. ಮೂರರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಕೋವಿಯನ್ನು ಇಳಿಸುವುದೇ ಸರಿ.