‘ಲಿಟ್ಲ್ ವಿಮೆನ್’: ಬಾಲೆಯರ ಅಂತರಂಗ

ಹದಿಹರೆಯದ ಬಾಲೆಯರ ಅಂತರಂಗವನ್ನು ಗಂಭೀರ ವಸ್ತುವಾಗಿ ಸ್ವೀಕರಿಸಿದ ಕಾದಂಬರಿಗಳಲ್ಲಿ ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟ್ಲ್ ವಿಮೆನ್’ ಗಣ್ಯವಾದುದು. ಇದರ ಎರಡು ಭಾಗಗಳು 1868 ಹಾಗೂ 1869ರಲ್ಲಿ ಪ್ರಕಟವಾದುವು.

ತಂದೆ ಅಂತರ್ಯುದ್ಧಕ್ಕೆ ತೆರಳಿರಲು ನಾಲ್ವರು ಸೋದರಿಯರು ತಾಯಿಯ ಆಶ್ರಯದಲ್ಲಿ ಬಡತನವನ್ನು ಎದುರಿಸುತ್ತಾರೆ. ಅಕ್ಕ ಜೋ ಬರೆದ ಕಥೆಗಳನ್ನು ಏಮಿ ಮುನಿಸಿನಿಂದ ಸುಟ್ಟುಹಾಕುತ್ತಾಳೆ, ಜೋ ಕ್ಷಮಿಸಲೊಲ್ಲಳು. ತಂಗಿ ಹೆಪ್ಪುಗಟ್ಟಿದ ನದಿಯಲ್ಲಿ ಕುಸಿದಾಗಲೇ ಅವಳಿಗೆ ಕೋಪದ ಬೆಲೆ ಅರಿವಾಗುತ್ತದೆ. ಆಗ ತಾಯಿ ಅವಳನ್ನು ಗದರದೆ, ತಾನೂ ಅನುದಿನ ಕೋಪದೊಡನೆ ಹೋರಾಡುತ್ತಿರುವುದಾಗಿ ಒಪ್ಪಿಕೊಳ್ಳುತ್ತಾಳೆ.

ಮುಂದೆ ಜೋ ಸ್ನೇಹಿತ ಲಾರಿಯ ಪ್ರೇಮವನ್ನು ನಿರಾಕರಿಸುತ್ತಾಳೆ. ಇವರ ವಿವಾಹವನ್ನೇ ಬಯಸಿದ ಓದುಗರಿಗೆ ಲೇಖಕಿ ಮಣಿಯಲಿಲ್ಲ. ಸ್ನೇಹವೆಲ್ಲವೂ ದಾಂಪತ್ಯದಲ್ಲಿ ಕೊನೆಗಾಣಬೇಕಿಲ್ಲವೆಂಬ ವಿವೇಕವಿದು.

ಮಕ್ಕಳ ತಪ್ಪನ್ನು ತಿದ್ದುವವರು ಮೊದಲು ತಮ್ಮ ದೌರ್ಬಲ್ಯವನ್ನು ಅರಿತಿರಬೇಕೆಂಬ ಆ ತಾಯಿಯ ಪಾಠ ಶಿಕ್ಷಕರಿಗೂ ಸಲ್ಲುತ್ತದೆ.