ಚಾರ್ಜರಿಗೆ ಮುಂಚೆ ಮೀಟರ್ ಬೋರ್ಡ್ ನೋಡಿ

ವಿದ್ಯುತ್ ಕಾರು ಕೊಂಡವರು ಮೊದಲು ವಿಚಾರಿಸುವುದು ಚಾರ್ಜರಿನ ಬೆಲೆ. ಖರ್ಚು ಏರುವುದು ಮಾತ್ರ ಬಹುಪಾಲು ಕೇಬಲ್ಲಿನಲ್ಲಿ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮೀಟರ್ ಬೋರ್ಡ್ ಒಂದು ಮೂಲೆಗೆ, ಪಾರ್ಕಿಂಗ್ ಇನ್ನೊಂದು ಮೂಲೆಗೆ. 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಸುಮಾರು 32 ಆಂಪಿಯರ್ ಎಳೆಯುತ್ತದೆ. ದಪ್ಪ ತಾಮ್ರದ ಕೇಬಲ್, ಪ್ರತ್ಯೇಕ ಎಂಸಿಬಿ, ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಇಲ್ಲಿ ಚೌಕಾಸಿ ಬೇಡ. ಮನೆಗೆ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಆಗಿದ್ದರೆ ಬೆಸ್ಕಾಂನಿಂದ ಹೆಚ್ಚುವರಿ ಲೋಡ್ ಪಡೆಯಬೇಕು, ಠೇವಣಿ ಕಟ್ಟಬೇಕು. ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ಅಷ್ಟಕ್ಕೂ ಗೋಡೆ ಚಾರ್ಜರ್ ಎಲ್ಲರಿಗೂ ಬೇಕೆ? ದಿನಕ್ಕೆ 40 ಕಿಲೋಮೀಟರ್ ಓಡುವ ಸಣ್ಣ ಕಾರಿಗೆ ಆರು ಯೂನಿಟ್ ಆಸುಪಾಸು ಸಾಕು. 15 ಆಂಪಿಯರ್ ಸಾಕೆಟ್ಟಿನಲ್ಲಿ ಅದು ಎರಡು ತಾಸಿನ ಕೆಲಸ.

ಗೋಡೆ ಚಾರ್ಜರೇ ಬೇಕೆಂದರೆ, ಅಂದಾಜು ಪಟ್ಟಿಯಲ್ಲಿ ಕೇಬಲ್ಲಿಗೆ ಮೀಟರ್ ಲೆಕ್ಕದ ದರ ಬರೆಸಿಕೊಂಡೇ ಮುಂಗಡ ಕೊಡಿ.