ಹೊಂಗೆಯೆಣ್ಣೆಗೆ ಸಂಸ್ಕಾರ

ಸಂಸ್ಕೃತದಲ್ಲಿ ಕರಂಜವೆನಿಸಿದ ಹೊಂಗೆ ನಮ್ಮ ತೆರಕಣಾಂಬಿ ಸೀಮೆಯವರಿಗೆ ಅಪರಿಚಿತವಲ್ಲ. ಹಿಂದೆ ಹಣತೆಯನ್ನು ಬೆಳಗಿದ ಇದರ ಬೀಜದೆಣ್ಣೆ ಇಂದು ಡೀಸೆಲ್ ಯಂತ್ರವನ್ನೂ ನಡೆಸಬಲ್ಲುದು. ಹಾಸನದ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನವು ಇದಕ್ಕೆ ನಿದರ್ಶನ. ಆದರೆ ಹಸಿಯೆಣ್ಣೆ ಬಲು ಮಂದ. ಅದಕ್ಕೆ ಸಂಸ್ಕಾರ ಅಗತ್ಯ.

ಮೊದಲು ಎಣ್ಣೆಯ ಆಮ್ಲಾಂಶವನ್ನು ತಗ್ಗಿಸಿ, ಕಾಸ್ಟಿಕ್ ಸೋಡ ಕರಗಿಸಿದ ಮೆಥನಾಲನ್ನು ಬೆರೆಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲಕಬೇಕು. ಭಾರವಾದ ಗ್ಲಿಸರಿನ್ ತಳಕ್ಕಿಳಿದು, ಜೈವಿಕ ಡೀಸೆಲ್ ಮೇಲೆ ನಿಲ್ಲುವುದು. ಕಾರ್ಯ ಇಲ್ಲಿಗೇ ಮುಗಿಯದು. ಉಳಿದ ಸಾಬೂನು, ಕ್ಷಾರ, ಮೆಥನಾಲುಗಳನ್ನು ಬಿಸಿನೀರಿನಿಂದ ತೊಳೆದು, ಬಳಿಕ ನೀರಿನ ಪಸೆಯನ್ನು ಕಾಯಿಸಿ ಕಳೆಯಬೇಕು. ತಪ್ಪಿದರೆ ಯಂತ್ರಕ್ಕೆ ಕೇಡು. ಮೆಥನಾಲ್ ವಿಷವಾದುದರಿಂದ ಮಕ್ಕಳ ಕೈಗೆ ಕೊಡಲಾಗದು.

ಎಣ್ಣೆ ಇಂಧನವಾಗುವುದು, ಹಿಂಡಿ ಹೊಲಕ್ಕೆ ಗೊಬ್ಬರವಾಗುವುದು. ಶಾಲೆಯಂಗಳದಲ್ಲಿ ಹೊಂಗೆಯೊಂದನ್ನು ನೆಡುವುದೂ ದಾಸೋಹವೇ ಸರಿ.